ಎರಡು ಬೆರಳಿನ ಸಂದು

2024ರ ಅಕ್ಟೋಬರ್‌ನಲ್ಲಿ ಮುಂಬೈ ಗಡಿಯ ದಹಿಸರ್ ಚೆಕ್‌ನಾಕಾದಲ್ಲಿ ಕಾರುಗಳಿಗೆ ಟೋಲ್ ತಪ್ಪಿತು, ಸಾಲು ತಪ್ಪಲಿಲ್ಲ. ಸಾಲಿನಲ್ಲಿ ನಿಂತಾಗೆಲ್ಲ ನನ್ನ ಕಣ್ಣು ಪಕ್ಕದ ಕಾರಿನ ಟೈರಿಗೂ ಫೆಂಡರಿಗೂ ನಡುವಿನ ಸಂದಿಗೆ ಹೋಗುತ್ತದೆ. ಕಂಪನಿಯಿಂದ ಬಂದ ಹಾಗೇ ಇದ್ದರೆ ನಾಲ್ಕು ಬೆರಳು ಸಲೀಸಾಗಿ ತೂರುತ್ತವೆ. ಮಳೆನೀರು ದಾಟಲು ಪಂಚೆ ಎತ್ತಿ ಕಟ್ಟಿದಂತೆ. ಎರಡು ಬೆರಳಿಗೆ ಇಳಿಸಿದರೆ ಅದೇ ಕಾರಿಗೆ ಬೇರೆ ಗತ್ತು.

ನನಗೆ ಇಷ್ಟವಾಗುವುದು ಚಕ್ರ ಬದಲಿಸಿ ಕಾರು ಇಳಿಸುವ ಈ ಕೆಲಸದ ಲೆಕ್ಕ. ಸ್ವಿಫ್ಟ್‌ನ 185/65 ಆರ್15 ಟೈರು ತೆಗೆದು 195/55 ಆರ್16 ಹಾಕಿ: ಒಟ್ಟು ವ್ಯಾಸದಲ್ಲಿ ಒಂದು ಮಿಲಿಮೀಟರೂ ವ್ಯತ್ಯಾಸವಿಲ್ಲ, ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ಹೊಸ ರಿಮ್ಮಿನ ಆಫ್‌ಸೆಟ್ ಕೂಡ ನೋಡಬೇಕು. ಆಫ್‌ಸೆಟ್ ಎಂದರೆ ಹಬ್‌ಗೆ ಕೂರುವ ಮುಖದಿಂದ ರಿಮ್ಮಿನ ನಡುಗೆರೆಗಿರುವ ದೂರ. ಅದು 5 ಮಿ.ಮೀ. ತಗ್ಗಿದರೆ ಚಕ್ರ ಅಷ್ಟೇ ಹೊರಗೆ ಬರುತ್ತದೆ. ಇನ್ನೂ ತಗ್ಗಿಸಿದರೆ ಹಿಂದೆ ಮೂವರು ಕೂತಾಗ ಟೈರು ಫೆಂಡರನ್ನು ಕೆರೆಯುತ್ತದೆ. ರಿಮ್ಮಿನ ನಡುತೂತು ಹಬ್‌ಗಿಂತ ದೊಡ್ಡದಿದ್ದರೆ ಬಳೆಯಂಥ ರಿಂಗ್ ಬೇಕು. ಇಲ್ಲವಾದರೆ ಹೆದ್ದಾರಿಯಲ್ಲಿ ಸ್ಟಿಯರಿಂಗ್ ನಡುಗೀತು.

ಇಳಿಸುವುದು 30 ಮಿ.ಮೀ. ಸಾಕು. 2018ರ ಸ್ವಿಫ್ಟ್‌ನ ನೆಲದಂತರ 163 ಮಿ.ಮೀ.; ಉಳಿಯುವುದು 133. ನಿಯಮದ ಪ್ರಕಾರ ರಸ್ತೆಯುಬ್ಬಿನ ಎತ್ತರ 100 ಮಿ.ಮೀ. ಸೊಸೈಟಿಯವರು ಕಟ್ಟಿಸಿದ ಉಬ್ಬಿಗೆ ಯಾವ ನಿಯಮ? ಅಲ್ಲಿ ಓರೆಯಾಗಿ, ಆಮೆಯಂತೆ ದಾಟಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಂಡಿಗಳ ಮುಂದೆ ಗತ್ತೆಲ್ಲ ಇಳಿಯುತ್ತದೆ, ಅದು ಬೇರೆ ಮಾತು.

ಇಳಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ. ಇದ್ದ ಸ್ಪ್ರಿಂಗನ್ನೇ ಕತ್ತರಿಸಿ ಕೊಡುತ್ತೇನೆ ಎನ್ನುವ ಗ್ಯಾರೇಜಿನಿಂದ ಮಾತ್ರ ಕಾರನ್ನು ಹಾಗೇ ಹಿಂದಕ್ಕೆ ತನ್ನಿ.