ಕಾಲ್ಗುಣ, ಕೈಗುಣ

2023ರ ನವೆಂಬರ್ 19ರ ಭಾನುವಾರ ನಾನು ಶೆಟ್ಟಿಹಳ್ಳಿಯ ಅಕ್ಕನ ಮನೆಯಲ್ಲಿದ್ದೆ. ನಡುಮನೆಯ ಟೀವಿಯ ಮುಂದೆ ಹದಿನೈದು ಜನ ಸೇರಿದ್ದೆವು. ಅಹಮದಾಬಾದಿನಲ್ಲಿ ವಿಶ್ವಕಪ್ ಕ್ರಿಕೆಟ್ಟಿನ ಕಡೆಯ ಪಂದ್ಯ. ಅದುವರೆಗಿನ ಹತ್ತು ಪಂದ್ಯಗಳನ್ನೂ ಸಾಲಾಗಿ ಗೆದ್ದ ತಂಡ ಹನ್ನೊಂದನೆಯದನ್ನು ಬಿಟ್ಟೀತೇ ಎಂದು ಅಕ್ಕ ಮಧ್ಯಾಹ್ನವೇ ಹೂರಣ ರುಬ್ಬಿ, ಕಣಕ ನೆನೆಸಿಟ್ಟಿದ್ದಳು. ರಾತ್ರಿ ಆಸ್ಟ್ರೇಲಿಯಾ ಆರು ವಿಕೆಟ್ಟುಗಳಿಂದ ಗೆದ್ದಾಗ ಒಬ್ಬಟ್ಟು ತಟ್ಟಲು ಯಾರಿಗೂ ಮನಸ್ಸು ಬರಲಿಲ್ಲ. ಗಂಡಸರು ಒಬ್ಬೊಬ್ಬರಾಗಿ ಎದ್ದು ಜಗಲಿಗೆ ಹೋದರು. ಆಗ ಅಕ್ಕನ ಓರಗಿತ್ತಿ, ನಾವೆಲ್ಲ ದೊಡ್ಡಕ್ಕ ಎಂದು ಕರೆಯುವವರು, ಸೆರಗಿನಿಂದ ಮುಖ ಒರೆಸಿಕೊಂಡು ಅಂದರು:

“ಈ ದ್ರಾವಿಡ್ಡನ ಕಾಲ್ಗುಣಾನೇ ಸರಿಯಿಲ್ಲ ಕಣೇ. ಕ್ಯಾಪ್ಟನ್ನಾಗಿ ಹೋದಾಗ್ಲೂ ಹಿಂಗೇ ಆಯ್ತು, ಕೋಚಾಗಿ ಬಂದ್ಮೇಲೂ ಹಿಂಗೇ ಆಯ್ತು.”

ದೊಡ್ಡಕ್ಕನ ನೆನಪು ಚುರುಕು. 2007ರಲ್ಲಿ ವೆಸ್ಟ್ ಇಂಡೀಸಿನಲ್ಲಿ ನಡೆದ ವಿಶ್ವಕಪ್ಪಿನಲ್ಲಿ ದ್ರಾವಿಡ್ ನಾಯಕತ್ವದ ತಂಡ ಬಾಂಗ್ಲಾದೇಶಕ್ಕೂ ಶ್ರೀಲಂಕಾಕ್ಕೂ ಸೋತು ಮೊದಲ ಸುತ್ತಿನಲ್ಲೇ ವಾಪಸು ಬಂದಿತ್ತು. ನಾವೆಲ್ಲ ತಲೆಯಾಡಿಸಿದೆವು. ನಾನೂ ಆಡಿಸಿದೆ. ಆದರೆ ಮಾತು ಆಡಿದವರು ಯಾರು ಎಂಬುದು ಆ ರಾತ್ರಿ ಮಲಗಿದ ಮೇಲೆ ಹೊಳೆಯಿತು. ದೊಡ್ಡಕ್ಕ ಈ ಮನೆಗೆ ಸೊಸೆಯಾಗಿ ಬಂದ ವರ್ಷ ಕರೆಯುವ ಹಸು ಸತ್ತಿತ್ತು, ರಾಗಿ ಒಣಗಿತ್ತು. “ಇವಳು ಕಾಲಿಟ್ಟಿದ್ದೇ ಬಂತು” ಎಂದು ಅತ್ತೆ ಮೂರು ವರ್ಷ ಅಂದಿದ್ದನ್ನು ಅವರೇ ನಮಗೆಲ್ಲ ಹೇಳಿಕೊಂಡು ಅತ್ತಿದ್ದಾರೆ.

ನಮ್ಮ ಭಾಷೆಯಲ್ಲಿ ಎರಡು ಮಾತುಗಳಿವೆ. ಒಂದು ಕಾಲ್ಗುಣ, ಇನ್ನೊಂದು ಕೈಗುಣ. ಕಾಲ್ಗುಣಕ್ಕೆ ಏನೂ ಮಾಡಬೇಕಾಗಿಲ್ಲ. ಹೊಸಿಲು ದಾಟಿದರೆ ಸಾಕು, ಒಳ್ಳೆಯದೋ ಕೆಟ್ಟದ್ದೋ ತೀರ್ಪು ಸಿದ್ಧ. ಕೈಗುಣ ಹಾಗಲ್ಲ. ಒಬ್ಬಳ ಸಾರಿನ ಕೈಗುಣ, ಒಬ್ಬ ವೈದ್ಯರ ಕೈಗುಣ ಗೊತ್ತಾಗಬೇಕಾದರೆ ಹತ್ತಾರು ಸಲ ಉಣ್ಣಬೇಕು, ಹತ್ತಾರು ರೋಗಿಗಳು ಎದ್ದು ಓಡಾಡಬೇಕು. ಹೊಸ ತರಬೇತುದಾರರನ್ನು ನಾವು ಅಭಿಮಾನಿಗಳು ಅಳೆಯುವುದು ಕಾಲ್ಗುಣದಿಂದ. ಅವರು ಮಾಡಬಹುದಾದ ಕೆಲಸವೆಲ್ಲ ಕೈಗುಣದ್ದು. ನಮ್ಮ ನಿರೀಕ್ಷೆಯ ದೋಷವೆಲ್ಲ ಇಲ್ಲಿದೆ ಎಂದು ನನಗೆ ಈಚೆಗೆ ಅನ್ನಿಸುತ್ತಿದೆ.

ದ್ರಾವಿಡ್ ಅವರನ್ನೇ ನೋಡಿ. 2021ರ ನವೆಂಬರಿನಲ್ಲಿ ಅವರು ಭಾರತ ತಂಡದ ಮುಖ್ಯ ತರಬೇತುದಾರರಾದಾಗ ನಮ್ಮ ಕಡೆ ಹಬ್ಬದ ಸಡಗರವಿತ್ತು. ನಮ್ಮ ಮನೆಯ ಹುಡುಗ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಾಸ್ತುಶಿಲ್ಪ ಕಲಿಸುತ್ತಿದ್ದ ತಾಯಿಯ ಮಗ. ತಂದೆ ಜಾಮ್ ತಯಾರಿಸುವ ಕಂಪನಿಯಲ್ಲಿದ್ದುದರಿಂದ ಗೆಳೆಯರಿಗೆ ‘ಜ್ಯಾಮಿ’. ಟೆಸ್ಟಿನಲ್ಲಿ 13,288 ರನ್ ಹೊಡೆದವರು ಬಂದ ಮೇಲೆ ಇನ್ನೇನು ಕೊರತೆ ಎಂದುಕೊಂಡೆವು. ಬಂದ ತಿಂಗಳೇ ನ್ಯೂಜಿಲೆಂಡಿನ ಮೇಲೆ ಟಿ-20 ಸರಣಿಯನ್ನು 3-0 ಗೆದ್ದಾಗ ಕಾಲ್ಗುಣ ಒಳ್ಳೆಯದು ಎಂದೆವು. ಮರುವರ್ಷದ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಟೆಸ್ಟ್ ಸರಣಿಯನ್ನೂ ಒಂದು ದಿನದ ಸರಣಿಯನ್ನೂ ಸೋತಾಗ ಅದೇ ಕಾಲು ಕೆಟ್ಟಿತು. ಮೂರು ತಿಂಗಳೊಳಗೆ ಒಬ್ಬ ಮನುಷ್ಯನ ಗುಣ ಹೀಗೆ ತಲೆಕೆಳಗಾಗುವುದುಂಟೆ?

ಅವರಿಗಿಂತ ಮೊದಲು ಅನಿಲ್ ಕುಂಬ್ಳೆ ಬಂದಿದ್ದರು, 2016ರ ಜೂನಿನಲ್ಲಿ. ಒಡೆದ ದವಡೆಗೆ ಬಟ್ಟೆ ಕಟ್ಟಿಕೊಂಡು ಬೌಲ್ ಮಾಡಿದವರು, ಶಿಸ್ತಿನ ಮನುಷ್ಯ. ಹುಡುಗರನ್ನು ಹದ್ದುಬಸ್ತಿನಲ್ಲಿಡಲಿ ಎಂದೇ ನಾವು ಬಯಸಿದ್ದು. ಅವರ ಒಂದು ವರ್ಷದಲ್ಲಿ ತಂಡ ಆಡಿದ 17 ಟೆಸ್ಟುಗಳಲ್ಲಿ 12 ಗೆದ್ದು ಒಂದನ್ನು ಮಾತ್ರ ಸೋತಿತು. ಆದರೂ 2017ರ ಜೂನ್ 18ರಂದು ಚಾಂಪಿಯನ್ಸ್ ಟ್ರೋಫಿಯ ಫೈನಲ್ಲಿನಲ್ಲಿ ಪಾಕಿಸ್ತಾನಕ್ಕೆ ಸೋತ ಎರಡೇ ದಿನಕ್ಕೆ ಅವರು ರಾಜೀನಾಮೆ ಕೊಟ್ಟರು. ತಮ್ಮ ಕೆಲಸದ ರೀತಿಯ ಬಗ್ಗೆ ನಾಯಕನಿಗೆ ಸಮಾಧಾನವಿಲ್ಲವೆಂದು ತಿಳಿದುಬಂತು ಎಂದು ಅವರೇ ಬರೆದರು. ಒಳಗೆ ಏನಾಯಿತೋ, ಆ ವಿಚಾರಣೆ ನನ್ನದಲ್ಲ. ನಾನು ಹೇಳುವುದು ಹೊರಗಿನ ನಮ್ಮ ವಿಷಯ. ಬಿಗಿಯಾಗಿರಲಿ ಎಂದು ಕರೆದವರಲ್ಲೇ ಎಷ್ಟು ಮಂದಿ ‘ಅಷ್ಟೊಂದು ಬಿಗಿ ಯಾಕೆ ಬೇಕಿತ್ತು’ ಎಂದು ರಾಗ ಎಳೆದರು! ‘ಅಚ್ಚುಕಟ್ಟಾದ ಹುಡುಗಿ ಬೇಕು’ ಎಂದು ಹುಡುಕಿ ತಂದು, ಆಮೇಲೆ ‘ಎಲ್ಲದಕ್ಕೂ ಅವಳದ್ದೊಂದು ಲೆಕ್ಕ’ ಎನ್ನುವ ಮನೆಗಳು ನಿಮಗೂ ಗೊತ್ತಿರಬಹುದು.

ಇದು ನಮ್ಮ ದೇಶದ ಚಾಳಿ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಕಾಲೇಜು ಹುಡುಗರ ಫುಟ್‌ಬಾಲಿಗೆ ನಮ್ಮ ಕ್ರಿಕೆಟ್ಟಿನಷ್ಟೇ ಹುಚ್ಚು ಇದೆ. ಅದು ಅವರದೇ ಬಗೆಯ, ಕೈಯಲ್ಲಿ ಚೆಂಡು ಹಿಡಿದು ಓಡುವ ಫುಟ್‌ಬಾಲು. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯಕ್ಕೆ ಜಿಂಬೋ ಫಿಶರ್ ಎಂಬ ತರಬೇತುದಾರರು ಹತ್ತು ವರ್ಷದ ಕರಾರಿನ ಮೇಲೆ ಬಂದಾಗ, ಅಲ್ಲಿನ ದೊಡ್ಡವರು ಅವರ ಕೈಗೆ ರಾಷ್ಟ್ರೀಯ ಚಾಂಪಿಯನ್ ಎಂದು ಬರೆಸಿ, ಇಸವಿಯ ಜಾಗ ಮಾತ್ರ ಖಾಲಿ ಬಿಟ್ಟ ಫಲಕವನ್ನು ಕೊಟ್ಟಿದ್ದರು. ಮನೆ ತುಂಬಿಸಿಕೊಂಡ ದಿನವೇ ಸೊಸೆಗೆ ತೊಟ್ಟಿಲು ತೋರಿಸಿದ ಹಾಗೆ. ಇಸವಿ ತುಂಬಲಿಲ್ಲ. ನಾವು ಹೂರಣ ಮುಚ್ಚಿಟ್ಟ ಅದೇ 2023ರ ನವೆಂಬರಿನಲ್ಲಿ ಅವರನ್ನು ತೆಗೆದುಹಾಕಿದರು. ಕರಾರಿನ ಪ್ರಕಾರ ಕೊಡಬೇಕಾಗಿ ಬಂದ ಹಣ ಏಳೂವರೆ ಕೋಟಿ ಡಾಲರಿಗೂ ಹೆಚ್ಚು.

ಹಾಗಾದರೆ ಅಭಿಮಾನಿಗಳು ಬಾಯಿ ಮುಚ್ಚಿಕೊಂಡಿರಬೇಕೆ ಎಂದು ನೀವು ಕೇಳಬಹುದು. ಖಂಡಿತ ಬೇಡ. 2023ರ ಜೂನಿನಲ್ಲಿ ಲಂಡನ್ನಿನ ಓವಲ್ಲಿನಲ್ಲಿ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ಪಿನ ಫೈನಲ್ ನಡೆದಾಗ, ಬೌಲರುಗಳ ಪಟ್ಟಿಯಲ್ಲಿ ಜಗತ್ತಿಗೇ ಮೊದಲಿಗರಾಗಿದ್ದ ಅಶ್ವಿನ್‌ರನ್ನು ಆಡಿಸಲಿಲ್ಲ. ತಂಡ 209 ರನ್ನುಗಳಿಂದ ಸೋತಿತು. ಯಾಕೆ ಆಡಿಸಲಿಲ್ಲ ಎಂದು ನಾಯಕನನ್ನೂ ತರಬೇತುದಾರರನ್ನೂ ಕೇಳಲೇಬೇಕಿತ್ತು. ಅದು ಕೈಗುಣದ ಪ್ರಶ್ನೆ. ಅದಕ್ಕೆ ಉತ್ತರ ಹೇಳಲು ಬರುತ್ತದೆ, ತಪ್ಪು ತಿದ್ದಿಕೊಳ್ಳಲು ಬರುತ್ತದೆ. ಕಾಲ್ಗುಣ ಸರಿಯಿಲ್ಲ ಎಂದರೆ ಯಾರು ಏನು ಉತ್ತರ ಕೊಟ್ಟಾರು? ಕಾಲ್ಗುಣದ ಮಾತು ಗಟ್ಟಿಯಾದ ಕಡೆ ಕೇಳಬೇಕಾದ ಪ್ರಶ್ನೆ ಕೇಳದೇ ಉಳಿಯುತ್ತದೆ. ಹಸುವಿಗೆ ಏನು ಕಾಯಿಲೆಯಾಗಿತ್ತು ಎಂದು ದೊಡ್ಡಕ್ಕನ ಅತ್ತೆ ಕೊನೆಯವರೆಗೂ ಕೇಳಲಿಲ್ಲ.

ಇಷ್ಟು ಬುದ್ಧಿ ಹೇಳುವ ನಾನು ಏನು ಮಾಡಿದ್ದೆ ಎಂಬುದನ್ನೂ ಹೇಳಬೇಕು. ನನ್ನ ಮಗಳು ಎಂಟನೆಯ ತರಗತಿಯಲ್ಲಿದ್ದಾಗ ಅವಳ ಶಾಲೆಗೆ ಹೊಸ ಪಿ.ಟಿ. ಮೇಷ್ಟ್ರು ಬಂದರು. ಹಿಂದಿನ ವರ್ಷ ಹುಡುಗಿಯರ ಖೋ ಖೋ ತಂಡ ತಾಲ್ಲೂಕಿನಲ್ಲಿ ಗೆದ್ದಿತ್ತು. ಈ ಸಲ ಜಿಲ್ಲೆ ಗೆಲ್ಲಬೇಕೆಂದು ತಾಯಂದಿರಾದ ನಾವೇ ನಿಶ್ಚಯಿಸಿಬಿಟ್ಟಿದ್ದೆವು. ಆ ಮೇಷ್ಟ್ರು ಪಂದ್ಯ ಆಡಿಸುವುದು ಬಿಟ್ಟು ಮರಳು ಹಾಕಿಸಿ ಹುಡುಗಿಯರಿಗೆ ಬೀಳುವುದನ್ನು ಕಲಿಸತೊಡಗಿದರು. ಓಡಿ ಬಂದು ಎದೆಯ ಮೇಲೆ ಬೀಳುವುದು, ಬಿದ್ದ ಹಾಗೇ ಕೈ ಚಾಚಿ ಮುಟ್ಟುವುದು, ಮತ್ತೆ ಏಳುವುದು. ದಿನಾ ಮೊಣಕೈ ತರಚಿ, ಯೂನಿಫಾರಂ ಕೆಸರಾಗಿ ಬರುತ್ತಿತ್ತು. “ಹೆಣ್ಮಕ್ಕಳನ್ನ ಮಣ್ಣಲ್ಲಿ ಹೊರಳಾಡಿಸ್ತಾರೆ” ಎಂದು ಮಾತು ಹಬ್ಬಿತು. ತಾಲ್ಲೂಕು ಪಂದ್ಯದಲ್ಲಿ ತಂಡ ಮೊದಲ ಸುತ್ತಿನಲ್ಲೇ ಸೋತಿತು. ನಾವು ಅರ್ಜಿ ಬರೆದೆವು. ದೀಪಾವಳಿ ರಜೆ ಮುಗಿಯುವ ಹೊತ್ತಿಗೆ ಅವರು ಹೋಗಿದ್ದರು.

ಮುಂದಿನ ವರ್ಷ ಅದೇ ಹುಡುಗಿಯರು ತಾಲ್ಲೂಕು ಗೆದ್ದು ಜಿಲ್ಲೆಯ ಪಂದ್ಯಕ್ಕೆ ಹೋದರು. ಆಗಿದ್ದ ಇನ್ನೊಬ್ಬ ಮೇಷ್ಟ್ರಿಗೆ ನಾವು ಹಾರ ಹಾಕಿದೆವು. ಮನೆಗೆ ಬಂದ ಮೇಲೆ ಮಗಳು ಶೂ ಬಿಚ್ಚುತ್ತಾ, “ಅಮ್ಮ, ಕಂಬದ ಹತ್ರ ಬಿದ್ದು ಔಟ್ ಮಾಡಿದ್ನಲ್ಲ, ಅದು ಹಳೇ ಸಾರ್ ಕಲಿಸಿದ್ದು” ಎಂದಳು. ಅವಳು ನನ್ನನ್ನು ಚುಚ್ಚಲೆಂದು ಹೇಳಿದ್ದಲ್ಲ. ಅರ್ಜಿಯಲ್ಲಿ ನನ್ನ ಸಹಿ ಇದ್ದದ್ದು ಅವಳಿಗೆ ಗೊತ್ತೂ ಇರಲಿಲ್ಲ.

ಶೆಟ್ಟಿಹಳ್ಳಿಗೆ ಬಂದವರು ಚರ್ಚು ನೋಡದೆ ಹೋಗುವುದಿಲ್ಲ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರಿಗೆ ಸಿಕ್ಕಿಕೊಂಡಿತು. ಮಳೆಗಾಲದಲ್ಲಿ ಬಂದವರು ಅರ್ಧ ಮುಳುಗಿದ ಚರ್ಚಿನ ಫೋಟೋ ತೆಗೆದುಕೊಂಡು ಹೋಗುತ್ತಾರೆ, ಬೇಸಿಗೆಯಲ್ಲಿ ಬಂದವರು ಒಣಗಿದ ಬಯಲಲ್ಲಿ ಬುಡದವರೆಗೂ ನಡೆದು ನೋಡುತ್ತಾರೆ. ಒಂದೇ ಸಲ ಬಂದವರಿಗೆ ಎರಡೂ ಕಾಣುವುದಿಲ್ಲ. ಆ ಮೇಷ್ಟ್ರನ್ನು ನಾವು ನೋಡಿದ್ದೂ ಒಂದೇ ಮಳೆಗಾಲ.

ದ್ರಾವಿಡ್ ಅವರ ಅವಧಿ 2023ರ ಆ ವಿಶ್ವಕಪ್ಪಿಗೇ ಮುಗಿದಿತ್ತು. ರೋಹಿತ್ ಶರ್ಮಾ ಫೋನು ಮಾಡಿ ಇನ್ನೂ ಇರಿ ಎಂದು ಕೇಳಿದ್ದನ್ನು ಅವರೇ ಆಮೇಲೆ ಹೇಳಿದರು. 2024ರ ಜೂನ್ 29ರ ರಾತ್ರಿ, ಬಾರ್ಬಡೋಸಿನಲ್ಲಿ ಟಿ-20 ವಿಶ್ವಕಪ್ಪಿನ ಫೈನಲ್. ದಕ್ಷಿಣ ಆಫ್ರಿಕಾಕ್ಕೆ 30 ಎಸೆತಗಳಲ್ಲಿ 30 ರನ್ ಸಾಕಿತ್ತು. ಹತ್ತೊಂಬತ್ತನೆಯ ಓವರನ್ನು ಅರ್ಷ್‌ದೀಪ್ ಸಿಂಗ್ ಹಾಕಿ ನಾಲ್ಕೇ ರನ್ ಕೊಟ್ಟರು. ಭಾರತ ಏಳು ರನ್ನುಗಳಿಂದ ಗೆದ್ದಿತು. ಈ ಅರ್ಷ್‌ದೀಪ್, 2018ರಲ್ಲಿ ದ್ರಾವಿಡ್ ತರಬೇತಿಯಲ್ಲಿ ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಹುಡುಗ. ಆ ಗೆಲುವಿಗೆ ದ್ರಾವಿಡ್ಡರಿಗೆ 50 ಲಕ್ಷ, ಜೊತೆಯ ಸಿಬ್ಬಂದಿಗೆ ತಲಾ 20 ಲಕ್ಷ ಎಂದು ಮಂಡಳಿ ಘೋಷಿಸಿದಾಗ, ಎಲ್ಲರಿಗೂ ಒಂದೇ ಇರಲಿ ಎಂದು ಹಠ ಹಿಡಿದು ತಲಾ 25 ಲಕ್ಷ ಮಾಡಿಸಿದವರು ಅವರು. ಗೆಲುವು ಒಬ್ಬರದಲ್ಲ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಆ ರಾತ್ರಿಯೂ ನಾನು ಶೆಟ್ಟಿಹಳ್ಳಿಯಲ್ಲೇ ಇದ್ದೆ. ಎಂದೂ ಗಟ್ಟಿಯಾಗಿ ಮಾತಾಡದ ದ್ರಾವಿಡ್ ಕಪ್ಪು ಎತ್ತಿಹಿಡಿದು ಕೂಗಿದ್ದನ್ನು ಕಂಡು ದೊಡ್ಡಕ್ಕ ಎದ್ದು ನಿಂತು, “ನೋಡ್ದಾ, ದ್ರಾವಿಡ್ಡನ ಕಾಲ್ಗುಣ!” ಎಂದರು.

ಒಂದು ಕ್ಷಣ ನಗು ಬಂತು, ಆಮೇಲೆ ಬರಲಿಲ್ಲ. ನಮ್ಮ ಹೆಣ್ಣುಮಕ್ಕಳ ತಂಡದ ಮುಂದಿನ ಕಥೆಯೂ ಹಾಗೇ ನಡೆಯಿತು. ಭಾರತಕ್ಕೆ ಒಂದು ಪಂದ್ಯವನ್ನೂ ಆಡದ ಅಮೋಲ್ ಮುಜುಂದಾರ್ ಅದರ ತರಬೇತುದಾರರು. 2025ರ ಅಕ್ಟೋಬರಿನಲ್ಲಿ ತಂಡ ವಿಶ್ವಕಪ್ಪಿನಲ್ಲಿ ಸಾಲಾಗಿ ಮೂರು ಪಂದ್ಯ ಸೋತಾಗ ‘ತಾನೇ ಆಡದವನು ಏನು ಕಲಿಸಿಯಾನು’ ಎಂದವರನ್ನು ನಾನೇ ಕೇಳಿದ್ದೇನೆ. ನವೆಂಬರ್ 2ಕ್ಕೆ ತಂಡ ಕಪ್ಪು ಗೆದ್ದಿತು. ಸೋತ ಆ ದಿನಗಳಲ್ಲಿ ನಾನು ಬಾಯಿ ಬಿಡಲಿಲ್ಲ. ಅಷ್ಟು ಮಾತ್ರ ಕಲಿತಿದ್ದೆ.

ದೊಡ್ಡಕ್ಕನಿಗೆ ಅಂದು ರಾತ್ರಿ ಹೂರಣ ಕಟ್ಟುತ್ತಾ ಹೇಳಿದೆ: “ಕಾಲ್ಗುಣ ಅಲ್ಲ ದೊಡ್ಡಕ್ಕ, ಕೈಗುಣ ಅನ್ನಿ. ಆರು ವರ್ಷದ ಹಿಂದೆ ಕಲಿಸಿದ್ದು ಇವತ್ತು ಕಾಣಿಸ್ತು.” ಪಿ.ಟಿ. ಮೇಷ್ಟ್ರ ವಿಷಯವನ್ನೂ, ನನ್ನ ಸಹಿಯ ವಿಷಯವನ್ನೂ ಹೇಳಿದೆ. ಅವರು ಬಾಳೆಲೆಯ ಮೇಲೆ ಒಬ್ಬಟ್ಟು ತಟ್ಟುವುದನ್ನು ನಿಲ್ಲಿಸಲಿಲ್ಲ. ಎರಡು ಒಬ್ಬಟ್ಟು ಕಾವಲಿಗೆ ಹಾಕಿದ ಮೇಲೆ, “ಆ ಮೇಷ್ಟ್ರು ಈಗೆಲ್ಲಿದಾರೆ?” ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಅವರ ಊರು ಯಾವುದೆಂದು ಕೂಡ ನಾವು ಯಾರೂ ಕೇಳಿರಲಿಲ್ಲ.