ಕಲ್ಕುಡನ ಪಾಡ್ದನ ಕೇಳುವ ಪ್ರಶ್ನೆ

ನೇಜಿ ನೆಡುವ ಗದ್ದೆಗಳಲ್ಲಿ ಹೆಂಗಸರು ಹಾಡುವ, ಕೋಲದ ಅಂಗಣದಲ್ಲಿ ತೆಂಬರೆಯ ಲಯಕ್ಕೆ ಕೇಳಿಬರುವ ತುಳು ಪಾಡ್ದನಗಳು ಹಲವು. ಅವುಗಳಲ್ಲಿ ಜೈನ ಶ್ರಾವಕರಿಗೆ ಅತಿ ನಿಕಟವೂ ಅಷ್ಟೇ ಮುಜುಗರದ್ದೂ ಆದುದು ಕಲ್ಕುಡ-ಕಲ್ಲುರ್ಟಿಯರ ಪಾಡ್ದನ. ಮಂಗಳೂರಿನ ಬಾಸೆಲ್ ಮಿಷನ್ 1886ರಲ್ಲಿ ಮೆನ್ನರ್ ಅವರ 'ಪಾಡ್ದನೊಳು' ಸಂಗ್ರಹವನ್ನು ಮುದ್ರಿಸಿತು. 1894ರಿಂದ ಬರ್ನೆಲ್ ಅವರ ಸಂಗ್ರಹವು 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಬೆಳಕು ಕಂಡಿತು. ಹೀಗೆ ಈ ಹಾಡುಗಳು ಅಕ್ಷರಕ್ಕೆ ಇಳಿದು ಶತಮಾನವೇ ಕಳೆದಿದ್ದರೂ ಕಲ್ಕುಡನ ಕಥೆಯ ನೈತಿಕ ಹುರುಳನ್ನು ಕುರಿತ ಚಿಂತನೆ ವಿರಳ.

ಕಥೆ ಸರಳವಾದುದು. ಶಂಭು ಕಲ್ಕುಡನು ಬೆಳಗೊಳದಲ್ಲಿ ಕೆತ್ತನೆ ಮಾಡುತ್ತಾನೆ. ಮಗ ಬೀರನು ಅಲ್ಲಿಗೆ ಬಂದು ಕೆಲಸದಲ್ಲೊಂದು ದೋಷವನ್ನು ತೋರಿಸಲು, ಅವಮಾನ ತಾಳಲಾರದೆ ತಂದೆ ಪ್ರಾಣ ಕಳೆದುಕೊಳ್ಳುತ್ತಾನೆ. ಬೀರ ಕಲ್ಕುಡನು ಕಾರ್ಕಳದ ಭೈರರಸನಿಗೆ ಗೊಮ್ಮಟನನ್ನು ಕಡೆದುಕೊಡುತ್ತಾನೆ. ಇಂಥದು ಇನ್ನೊಂದು ಎಲ್ಲಿಯೂ ಆಗಬಾರದೆಂದು ಅರಸನು ಅವನ ಒಂದು ಕೈ, ಒಂದು ಕಾಲನ್ನು ಕಡಿಸುತ್ತಾನೆ. ಅಂಗಹೀನನಾದ ಶಿಲ್ಪಿ ವೇಣೂರಿಗೆ ಹೋಗಿ ಉಳಿದ ಕೈಯಿಂದಲೇ ಮತ್ತೊಬ್ಬ ಗೊಮ್ಮಟನನ್ನು ನಿಲ್ಲಿಸುತ್ತಾನೆ. ತಂಗಿ ಕಲ್ಲುರ್ಟಿ ಅಣ್ಣನ ಗತಿಯನ್ನು ಕಂಡು ಕೆರಳುತ್ತಾಳೆ. ಇಬ್ಬರೂ ಮಾಯವಾಗಿ ದೈವಗಳಾಗಿ ಕಾರ್ಕಳವನ್ನು ಕಾಡುತ್ತಾರೆ.

ಇದು ಇತಿಹಾಸವಲ್ಲ ಎಂಬುದು ಸ್ಪಷ್ಟ. ಶ್ರವಣಬೆಳಗೊಳದ ವಿಗ್ರಹ ಚಾವುಂಡರಾಯನ ಕಾಲದ್ದು, ಸುಮಾರು ಕ್ರಿ.ಶ. 981. ಕಾರ್ಕಳದ ಮೂರ್ತಿಯನ್ನು 1432ರಲ್ಲಿ ವೀರಪಾಂಡ್ಯನೂ, ವೇಣೂರಿನದನ್ನು 1604ರಲ್ಲಿ ತಿಮ್ಮಣ್ಣ ಅಜಿಲನೂ ಪ್ರತಿಷ್ಠಾಪಿಸಿದರು. ಕೊನೆಯ ಎರಡರ ನಡುವೆಯೇ 172 ವರ್ಷಗಳ ಅಂತರ. ಒಬ್ಬನ ಆಯುಷ್ಯ ಅಷ್ಟಕ್ಕೆ ಸಾಲದು. ಮಾಸ್ಕೋದ ಸಂತ ಬೇಸಿಲರ ಇಗರ್ಜಿಯ ಶಿಲ್ಪಿಯ ಕಣ್ಣು ಕೀಳಿಸಿದರೆಂಬ ಕಥೆಯೂ, ತಾಜಮಹಲಿನ ಕೆಲಸಗಾರರ ಕೈ ಕಡಿಸಿದರೆಂಬ ಕಥೆಯೂ ಇದೇ ಜಾತಿಯವು. ಆದುದರಿಂದ ಪಾಡ್ದನವನ್ನು ವೀರಪಾಂಡ್ಯನ ಮೇಲಿನ ದೋಷಾರೋಪವೆಂದು ಬಗೆದು ಸಿಡಿಮಿಡಿಗೊಳ್ಳಬೇಕಾದ ಅಗತ್ಯವಿಲ್ಲ.

ಹಾಗೆಂದು ಕಟ್ಟುಕಥೆಯೆಂದು ತಳ್ಳಿಹಾಕುವುದೂ ಸಲ್ಲದು. ಪಾಡ್ದನದ ಬಂಧವನ್ನು ನೋಡಬೇಕು. ಮಗನ ಕಣ್ಣು ತನ್ನದಕ್ಕಿಂತ ಚುರುಕೆಂಬುದನ್ನು ತಂದೆ ಸಹಿಸಲಿಲ್ಲ. ತನ್ನ ಮೂರ್ತಿಗೆ ಸರಿಸಾಟಿ ಹುಟ್ಟುವುದನ್ನು ಅರಸ ಸಹಿಸಲಿಲ್ಲ. ಒಬ್ಬನು ತನ್ನನ್ನೇ ಕೊಂದುಕೊಂಡ, ಇನ್ನೊಬ್ಬನು ಪರನನ್ನು ಕಡಿಸಿದ. ಎರಡಕ್ಕೂ ಮೂಲ ಮಾನಕಷಾಯವೊಂದೇ. ಅದೂ ಯಾರ ವಿಗ್ರಹದ ನೆಪದಲ್ಲಿ? ಗೆದ್ದ ರಾಜ್ಯವನ್ನೇ ಅಣ್ಣನಿಗೆ ಬಿಟ್ಟುಕೊಟ್ಟ ಬಾಹುಬಲಿಯ ವಿಗ್ರಹದ ನೆಪದಲ್ಲಿ! ತ್ಯಾಗದ ಮೂರ್ತಿಯನ್ನೂ ಪರಿಗ್ರಹದ ವಸ್ತುವನ್ನಾಗಿ ಮಾಡಬಹುದೆಂಬ ಎಚ್ಚರವನ್ನು ಪಾಡ್ದನ ಕೊಡುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಛೇದ, ಎಂದರೆ ಅಂಗಗಳನ್ನು ಕಡಿಯುವುದು, ಒಂದೆಂದು ತತ್ತ್ವಾರ್ಥಸೂತ್ರ ಎಣಿಸುತ್ತದೆ. ಅತಿಭಾರ ಹೇರುವುದೂ ಅನ್ನಪಾನ ತಡೆಯುವುದೂ ಅದೇ ಸಾಲಿನಲ್ಲಿವೆ. ಸೂತ್ರವನ್ನು ಓದದ ಹಾಡುಗಾರ್ತಿಯೂ ಜೈನ ಅರಸನನ್ನು ಜೈನಧರ್ಮದ ಅಳತೆಗೋಲಿನಿಂದಲೇ ಅಳೆದಿದ್ದಾಳೆ.

ಪಾಡ್ದನಕ್ಕೆ ಮಿತಿಯೂ ಉಂಟು. ಕಲ್ಲುರ್ಟಿಯ ಸೇಡು ಅರಸನೊಬ್ಬನಲ್ಲಿ ನಿಲ್ಲದೆ ಊರನ್ನೇ ಸುಡುತ್ತದೆ. ವೈರ ವೈರದಿಂದ ಶಮನವಾಗದು. ಆದರೆ ಅಣ್ಣನು ಸೇಡಿಗೆ ಮುನ್ನ ವೇಣೂರಿನಲ್ಲಿ ಉಳಿಯನ್ನೇ ಹಿಡಿದನೆಂಬುದು ಕಥೆಯ ಅತ್ಯುನ್ನತ ಗಳಿಗೆ. ಕಡಿದ ಕೈಗೆ ಅವನು ಕೊಟ್ಟ ಮೊದಲ ಉತ್ತರ ಶಾಂತಮುದ್ರೆಯ ಇನ್ನೊಂದು ಜಿನಬಿಂಬ. ಅಲ್ಲಿಗೇ ಹಾಡು ನಿಂತಿದ್ದರೆ ಕ್ಷಮೆಯ ಕಾವ್ಯವಾಗುತ್ತಿತ್ತು. ಅದು ನಿಲ್ಲದಿರುವುದು ನೊಂದವರ ಸತ್ಯ.

ಶಾಸನಗಳು ಪ್ರತಿಷ್ಠೆ ಮಾಡಿಸಿದವರನ್ನು ಹೊಗಳುತ್ತವೆ, ಪಾಡ್ದನ ಕಡೆದವನನ್ನು ನೆನೆಯುತ್ತದೆ. 1982ರಲ್ಲಿ ಪ್ರತಿಷ್ಠೆಗೊಂಡ ಧರ್ಮಸ್ಥಳದ 39 ಅಡಿಯ ಬಾಹುಬಲಿಯೊಡನೆ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರ ಹೆಸರೂ ಜನರ ನಾಲಗೆಯ ಮೇಲಿದೆ. ಇದು ಮೇಲ್ಪಂಕ್ತಿ. ಬಸದಿಗಳ ಜೀರ್ಣೋದ್ಧಾರ ಮಾಡಿಸುವ ಆಡಳಿತ ಮಂಡಳಿಗಳು ದಾನಿಗಳ ಹೆಸರಿನ ಫಲಕದಲ್ಲಿ ಕಲ್ಲುಕುಟಿಗನಿಗೂ ಒಂದು ಸಾಲು ಮೀಸಲಿಟ್ಟು, ಅವನ ಕೂಲಿಯನ್ನು ಹೊತ್ತಿಗೆ ಸಲ್ಲಿಸಿದರೆ ಕಲ್ಕುಡನ ಪ್ರಶ್ನೆಗೆ ಅಷ್ಟರಮಟ್ಟಿಗೆ ಉತ್ತರ ಕೊಟ್ಟಂತಾಗುತ್ತದೆ.