ಹುಡ್‌ನೊಳಕ್ಕೆ ನೀರು ಬರಲಿ

ಪರ್ಷಿಯನ್ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್ ಮಾತ್ರವಾಗಿದ್ದು, ಕತಾರಿನ ದಂಡೆಯಿಂದ ನೇರವಾಗಿ ನೀರಿಗಿಳಿಯುವ ಸ್ಕೂಬಾ ಡೈವರ್‌ಗಳಿಗೆ ಸಿಗುವ ಆಳ ಅದಕ್ಕಿಂತಲೂ ಬಹಳ ಕಡಿಮೆ. ಇಷ್ಟು ಆಳವಿಲ್ಲದ ನೀರಿನಲ್ಲಿ ಕಿವಿಗೆ ಅಪಾಯವಿಲ್ಲವೆಂಬ ನಂಬಿಕೆ ವ್ಯಾಪಕವಾಗಿದ್ದರೂ ಭೌತಶಾಸ್ತ್ರ ಹೇಳುವುದು ಇದಕ್ಕೆ ತದ್ವಿರುದ್ಧವಾದುದನ್ನು. ಮೇಲ್ಮೈಯಲ್ಲಿರುವ ಒತ್ತಡ ಮೊದಲ 10 ಮೀಟರ್‌ಗಳಲ್ಲೇ ಇಮ್ಮಡಿಯಾಗುವುದರಿಂದ, ಕಿವಿತಮಟೆಯ ಹಿಂದಿನ ಮಧ್ಯಕಿವಿಯಲ್ಲಿರುವ ಗಾಳಿ ಅಷ್ಟರೊಳಗೇ ಅರ್ಧ ಗಾತ್ರಕ್ಕೆ ಕುಗ್ಗಲು ತೊಡಗುತ್ತದೆ. ಆ ಕೊರತೆಯನ್ನು ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಸಾಗುವ ಯುಸ್ಟೇಶಿಯನ್ ನಾಳದ ಮೂಲಕ ಗಾಳಿ ಕಳಿಸಿ ತುಂಬದಿದ್ದರೆ ತಮಟೆ ಒಳಕ್ಕೆ ಜಗ್ಗಿ, ನೊಂದು, ಕೊನೆಗೆ ಹರಿಯುತ್ತದೆ. ಮೂಗು ಹಿಡಿದು ಮೆಲ್ಲಗೆ ಊದುವ ಕ್ರಮಕ್ಕೆ ಇಟಲಿಯ ಅಂಗರಚನಾ ಶಾಸ್ತ್ರಜ್ಞ ಅಂತೋನಿಯೊ ವಾಲ್ಸಾಲ್ವನ ಹೆಸರಿದೆ. ತಡಮಾಡಿದರೆ ನಾಳದ ಬಾಯಿ ಒತ್ತಡಕ್ಕೆ ಅಂಟಿಕೊಂಡು ತೆರೆಯದೇ ಹೋಗುತ್ತದೆ. ಆಗ ಬಲವಂತವಾಗಿ ಊದುವುದು ಒಳಕಿವಿಯ ಸೂಕ್ಷ್ಮ ಪೊರೆಯನ್ನೇ ಹರಿದು, ಕೇಳಿಸುವ ಶಕ್ತಿಯನ್ನು ಶಾಶ್ವತವಾಗಿ ಕುಂದಿಸಬಲ್ಲದು.

ಈ ಬೆಲೆಯನ್ನು ಕತಾರಿನ ಕಡಲು ಬಹು ಹಿಂದೆಯೇ ವಸೂಲು ಮಾಡಿದೆ. 1930ರ ದಶಕದಲ್ಲಿ ಜಪಾನಿನ ಕೃಷಿಮುತ್ತು ಮಾರುಕಟ್ಟೆಯನ್ನು ಕೆಡಿಸುವವರೆಗೂ ಈ ದೇಶದ ಬದುಕು ನಿಂತಿದ್ದುದು ಮುತ್ತಿನ ಮೇಲೆ. ಮುಂಬಯಿಯ ವ್ಯಾಪಾರಿಗಳ ಕೈಸೇರಿ ಭಾರತದಲ್ಲಿ ಬಸ್ರಾ ಮುತ್ತು ಎಂದು ಹೆಸರಾದದ್ದೂ ಈ ಕೊಲ್ಲಿಯ ಸರಕೇ. ಬೇಸಿಗೆಯುದ್ದಕ್ಕೂ ದಿನಕ್ಕೆ ಹಲವಾರು ಬಾರಿ ಕಲ್ಲಿನ ಭಾರದೊಡನೆ ತಳ ಮುಟ್ಟುತ್ತಿದ್ದ ಮುಳುಗುಗಾರರು ಮೂಗಿಗೆ ‘ಫಿತಾಮ್’ ಎಂಬ ಚಿಮಟ ಸಿಕ್ಕಿಸಿಕೊಳ್ಳುತ್ತಿದ್ದರು, ಕಿವಿಗೆ ಮೇಣ ಅಥವಾ ಹತ್ತಿ ತುರುಕಿಕೊಳ್ಳುತ್ತಿದ್ದರು, ಅಂಬಲಿ ಮೀನಿನ ಕುಟುಕಿಗೆ ಮೈಮುಚ್ಚುವ ಹತ್ತಿಯ ಉಡುಪು ತೊಡುತ್ತಿದ್ದರು. ಇವುಗಳಲ್ಲಿ ಮೊದಲನೆಯದೂ ಮೂರನೆಯದೂ ಜಾಣತನದ ಸಲಕರಣೆಗಳು. ಎರಡನೆಯದು ಮಾತ್ರ ರಕ್ಷಣೆಯ ವೇಷದಲ್ಲಿದ್ದ ಹಾನಿ. ತಮಟೆ ಹರಿದು ಕಿವುಡಾದ ಮುಳುಗುಗಾರರು ಆ ಕಸುಬಿನಲ್ಲಿ ಸಾಮಾನ್ಯರಾಗಿದ್ದರು. ದೋಹಾದ ಕತಾರಾ ಸಾಂಸ್ಕೃತಿಕ ಗ್ರಾಮ ನಡೆಸುವ ‘ಸೆನ್ಯಾರ್’ ಸ್ಪರ್ಧೆಯಲ್ಲಿ ಮುತ್ತಿನ ಚಿಪ್ಪು ಹೆಕ್ಕುವ ಆ ಕೌಶಲ ಇಂದೂ ಮೆರೆಯುತ್ತದೆ, ಆದರೆ ಅದರ ಹಿಂದಿದ್ದ ಕಿವಿಗಳ ಕಥೆ ಮೆರವಣಿಗೆಗೆ ಒಗ್ಗುವಂಥದಲ್ಲ.

ಕಿವಿಯನ್ನು ಮುಚ್ಚಿ ಕಾಪಾಡುವ ಅದೇ ತಪ್ಪು ಆಧುನಿಕ ಡೈವರ್‌ನ ತಲೆಗವಸಿನಲ್ಲಿ, ಅಂದರೆ ನಿಯೋಪ್ರೀನ್ ರಬ್ಬರಿನ ಹುಡ್‌ನಲ್ಲಿ, ಮರಳಿ ಬರುವುದುಂಟು. ಅಂಗಡಿಯಲ್ಲಿ ಹುಡ್ ಆರಿಸುವವರು ತಲೆಗೆ ಬಿಗಿಯಾಗಿ ಕೂತದ್ದನ್ನೇ ಮೆಚ್ಚುತ್ತಾರೆ. ಆದರೆ ಬಿಗಿ ಅತಿಯಾದರೆ ಹೊರಕಿವಿಯ ನಾಳದಲ್ಲಿ ಗಾಳಿ ಸೆರೆಸಿಕ್ಕಿ, ಇಳಿದಂತೆ ಆ ಗಾಳಿ ಕುಗ್ಗಿ, ತಮಟೆ ಹೊರಮುಖವಾಗಿ ಉಬ್ಬಿ, ನಾಳದ ಚರ್ಮದಲ್ಲಿ ರಕ್ತಗುಳ್ಳೆಗಳು ಏಳುತ್ತವೆ. ವಿಚಿತ್ರವೆಂದರೆ ಇಲ್ಲಿ ಮೂಗು ಹಿಡಿದು ಊದಿದಷ್ಟೂ ತಮಟೆಯ ಉಬ್ಬು ಹೆಚ್ಚುತ್ತದೆ, ಆದುದರಿಂದ ಚೆನ್ನಾಗಿ ಕಲಿತ ಡೈವರ್‌ಗೇ ನೋವು ಹೆಚ್ಚು. ಒಂದೇ ಬದಿಗೆ ತಣ್ಣೀರು ನುಗ್ಗಿ ಇನ್ನೊಂದು ಒಣಗಿದ್ದರೆ, ಎರಡು ಒಳಕಿವಿಗಳ ಉಷ್ಣತೆಯಲ್ಲಿ ಅಂತರ ಬಿದ್ದು ಕೆಲಹೊತ್ತು ತಲೆ ಸುತ್ತುವುದೂ ಇದೆ. ಪರಿಹಾರ ಅತಿ ಸರಳ: ಮೇಲ್ಮೈಯಲ್ಲಿರುವಾಗಲೇ ಹುಡ್‌ನ ಅಂಚನ್ನು ಬೆರಳಿನಿಂದ ಎಳೆದು ಎರಡೂ ಕಿವಿಗಳಿಗೆ ನೀರು ತುಂಬಿಸಿಕೊಳ್ಳಬೇಕು, ಹಾಗೆ ಮಾಡಿದರೂ ನೀರು ನಿಲ್ಲದಿದ್ದರೆ, ಬೆಲೆ ಎಷ್ಟೇ ಕೊಟ್ಟಿದ್ದರೂ, ಕಿವಿಯ ನೇರಕ್ಕೆ ಒಳಪದರದಲ್ಲಿ ಸಣ್ಣ ತೂತು ಮಾಡಲು ಹಿಂಜರಿಯಬಾರದು.

ಕತಾರಿನ ನೀರಿನಲ್ಲಿ ಇನ್ನೊಂದು ತೊಡಕಿದೆ. ಮಹಾಸಾಗರದ ಲವಣಾಂಶ ಲೀಟರಿಗೆ ಸುಮಾರು 35 ಗ್ರಾಂ ಇದ್ದರೆ ಇಲ್ಲಿ ಅದು 40ನ್ನು ಮೀರುತ್ತದೆ. ದಟ್ಟವಾದ ನೀರು ದೇಹವನ್ನು ಮೇಲಕ್ಕೆ ತಳ್ಳುತ್ತದೆ, ದಪ್ಪ ಹುಡ್ ಕೂಡ ತೇಲುತ್ತದೆ, ಎರಡನ್ನೂ ಮಣಿಸಲೆಂದು ಸೊಂಟಕ್ಕೆ ಸೀಸದ ತೂಕವನ್ನು ಅಗತ್ಯಕ್ಕಿಂತ ಹೆಚ್ಚು ಬಿಗಿದವರು ಮೊದಲ ಕೆಲವು ಮೀಟರ್‌ಗಳಲ್ಲಿ ಕಿವಿಗೆ ಬಿಡುವೇ ಕೊಡದಷ್ಟು ವೇಗವಾಗಿ ಇಳಿದುಬಿಡುತ್ತಾರೆ. ಗಾಯಕ್ಕೆ ಹುಡ್ ಕಾರಣವೆಂದು ದೂರುವವರಲ್ಲಿ ಕೆಲವರಾದರೂ ತಮ್ಮ ಸೀಸವನ್ನು ತೂಗಿ ನೋಡುವುದು ಒಳಿತು.

ಚಳಿಗಾಲದಲ್ಲಿ ಮೇಲ್ಮೈ ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ದಿನಗಳಿದ್ದು, ಆಗ ಹುಡ್ ಬೇಡವೆನ್ನುವುದು ಹುಂಬತನ. ನೀರಿನಿಂದೆದ್ದ ಮೇಲೆ ಒದ್ದೆ ಕಿವಿಗೆ ಬಡಿಯುವ ವಾಯವ್ಯದ ಶಮಾಲ್ ಗಾಳಿ ಚಳಿಯನ್ನು ಇಮ್ಮಡಿಸುತ್ತದೆ. ಶೀತಜಲದ ವರ್ಷಗಟ್ಟಲೆಯ ಸಂಪರ್ಕದಿಂದ ಕಿವಿನಾಳದ ಮೂಳೆ ಗಂಟುಗಟ್ಟಿ ಬೆಳೆಯುತ್ತದೆಂಬ ಭಯವನ್ನು ಮಾತ್ರ ವಾರಾಂತ್ಯದ ಡೈವರ್ ಅತಿಯಾಗಿ ಹಚ್ಚಿಕೊಳ್ಳಬೇಕಾಗಿಲ್ಲ. ಆಗಸ್ಟ್‌ನಲ್ಲಿ ಅದೇ ನೀರು 33 ಡಿಗ್ರಿ ಮುಟ್ಟುತ್ತದೆ. ಆಗ ದಪ್ಪ ಹುಡ್‌ಗೆ ಅರ್ಥವಿಲ್ಲ, ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬೆಚ್ಚನೆಯ ನೀರಿನಲ್ಲಿ ಹೇಗೆ ಅರ್ಥವಿಲ್ಲವೋ ಹಾಗೆಯೇ. ಅಂಬಲಿ ಮೀನಿಗೆ ತೆಳುಬಟ್ಟೆಯ ಮುಸುಕು ಸಾಕು. ಬೇಸಿಗೆಯ ಕಿವಿಯ ವೈರಿ ಒತ್ತಡಕ್ಕಿಂತ ಹೆಚ್ಚಾಗಿ ತೇವ: ನೆನೆದು ಮೆತ್ತಗಾದ ನಾಳದ ಚರ್ಮದಲ್ಲಿ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಸುಲಭವಾಗಿ ಬೇರೂರಿ ಕೀವು ಕಟ್ಟಿಸುತ್ತದೆ. ಡೈವಿಂಗ್ ಮುಗಿದೊಡನೆ ಸಿಹಿನೀರಿನಿಂದ ತೊಳೆದು ಒಣಗಿಸಿ, ಅಸಿಟಿಕ್ ಆಮ್ಲದ ಹನಿಗಳನ್ನು ಬಿಟ್ಟುಕೊಳ್ಳುವ ರೂಢಿ ಹಿತಕರ. ತಮಟೆ ಹರಿದಿರುವ ಸಂಶಯವಿದ್ದರೆ ಹನಿಯನ್ನೂ ಬಿಡಬಾರದು, ವೈದ್ಯರು ನೋಡಿ ಅನುಮತಿಸುವವರೆಗೆ ನೀರಿಗೂ ಇಳಿಯಬಾರದು.